ಹಕ್ಕಿಯ ಎಲುಬೂ ಅದರ ಪ್ರಾಯವೂ

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಬಂದ ರೈತನು ಮೊದಲು ಅದರ ಬೆನ್ನು ತಟ್ಟಿ ನೋಡುವನು; ನಾಲ್ಕು ಹೆಜ್ಜೆ ನಡೆಯಿಸಿ ನೋಡುವನು; ಕೊನೆಗೆ ಮೂಗುದಾರವನ್ನು ಹಿಡಿದು, ತುಟಿಯನ್ನು ಸರಿಸಿ, ಹಲ್ಲುಗಳನ್ನು ಎಣಿಸುವನು. ಮಾರುವವನು ಏನೇ ಹೇಳಲಿ, ಎತ್ತಿನ ಪ್ರಾಯದ ವಿಷಯದಲ್ಲಿ ಹಲ್ಲಿನ ಮಾತೇ ಕೊನೆಯ ಮಾತು. ಎರಡು ಹಲ್ಲಿನ ಹೋರಿ, ನಾಲ್ಕು ಹಲ್ಲಿನ ಹೋರಿ, ಬಾಯಿಗೂಡಿದ ಎತ್ತು ಎಂಬ ಮಾತುಗಳು ಈ ಪರೀಕ್ಷೆಯಿಂದಲೇ ಹುಟ್ಟಿದವು. ದಾನವಾಗಿ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂಬ ಮಾತು ರೂಢಿಯಲ್ಲಿದ್ದರೂ, ಹಣ ಕೊಟ್ಟು ತರುವ ದನದ ಹಲ್ಲನ್ನು ನೋಡದೆ ತಂದವನನ್ನು ಕಂಡು ಊರವರು ನಗದೆ ಬಿಡರು.

ಆದರೆ ಹಕ್ಕಿಗೆ ಹಲ್ಲಿಲ್ಲ. ವರ್ಷ ಕಳೆದಂತೆ ಬಳೆ ಕಟ್ಟುವ ಕೊಂಬೂ ಇಲ್ಲ. ಗರಿಗಳು ಕಾಲಕಾಲಕ್ಕೆ ಉದುರಿ ಹೊಸವು ಹುಟ್ಟುವುದರಿಂದ ತಲೆ ನರೆಯುವುದನ್ನು ನೋಡಿ ತಿಳಿಯೋಣವೆಂದರೆ ಅದಕ್ಕೂ ಆಸ್ಪದವಿಲ್ಲ. ಎರಡು ವರ್ಷದ ಕಾಗೆಯೂ ಹತ್ತು ವರ್ಷದ ಕಾಗೆಯೂ ಒಂದೇ ಕೊಂಬೆಯ ಮೇಲೆ ಕುಳಿತಿದ್ದರೆ ಹಿರಿದು ಯಾವುದು, ಕಿರಿದು ಯಾವುದು ಎಂದು ಹೇಳಬಲ್ಲವರು ವಿರಳ. ಹಾಗಾದರೆ ಹಕ್ಕಿಯ ಪ್ರಾಯವನ್ನು ತಿಳಿಯುವ ಬಗೆ ಯಾವುದು?

ಈ ಪ್ರಶ್ನೆಯು ನಮ್ಮ ಮನೆಯಲ್ಲಿ ಎದ್ದ ಸಂದರ್ಭವು ಅತಿ ಸಾಮಾನ್ಯವಾದುದು. ಕಳೆದ ಬೇಸಗೆಯ ಒಂದು ಮುಂಜಾನೆ ಹಿತ್ತಿಲ ಜಗಲಿಯ ಮೇಲೆ ಗುಬ್ಬಿಯೊಂದು ಸತ್ತು ಬಿದ್ದಿತ್ತು. ಮೈತುಂಬ ಗರಿಗಳಿದ್ದುವು, ರೆಕ್ಕೆಗಳು ಪೂರ್ತಿ ಬೆಳೆದಿದ್ದುವು, ಮರಿಗಳ ಬಾಯಂಚಿನಲ್ಲಿ ಕಾಣುವ ಹಳದಿಯ ಬಣ್ಣವೂ ಮಾಸಿಹೋಗಿತ್ತು. ಅದನ್ನು ಕಂಡ ಮೊಮ್ಮಗಳು, “ತಾತ, ಇದು ಮರಿಯೋ ದೊಡ್ಡದೋ?” ಎಂದು ಕೇಳಿದಳು. ಗಾತ್ರವನ್ನು ನೋಡಿದರೆ ದೊಡ್ಡದೆನ್ನಬೇಕು. ಆದರೆ ಗಾತ್ರವೊಂದನ್ನೇ ನಂಬಿ ಉತ್ತರ ಕೊಡುವುದು ಹಕ್ಕಿಗಳ ವಿಷಯದಲ್ಲಿ ಸಲ್ಲದು. ಉತ್ತರವು ಅದರ ಎಲುಬಿನಲ್ಲಿತ್ತು. ಅದನ್ನು ಓದುವ ಬಗೆಯನ್ನೂ, ಆ ಓದಿನಿಂದ ಮನುಷ್ಯನಿಗೆ ತಿಳಿದುಬಂದ ಕೆಲವು ಸಂಗತಿಗಳನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಎಲುಬು, ಹಕ್ಕಿಯ ಎಲುಬು

ಮೊದಲು ನಮ್ಮ ಎಲುಬಿನ ಸಂಗತಿಯನ್ನು ತಿಳಿದುಕೊಂಡರೆ ಹಕ್ಕಿಯದು ಸುಲಭವಾಗುವುದು. ಮಗುವಿನ ತೊಡೆಯ ಎಲುಬು ಒಂದೇ ತುಂಡಲ್ಲ. ನಡುವಿನ ಉದ್ದನೆಯ ಕಾಂಡವೇ ಬೇರೆ, ಎರಡು ತುದಿಗಳಲ್ಲಿ ಟೊಪ್ಪಿಗೆಯಂತೆ ಹುಟ್ಟುವ ಎಲುಬುಗಳೇ ಬೇರೆ. ಇವುಗಳ ನಡುವೆ ಮೃದ್ವಸ್ಥಿಯ ತೆಳ್ಳನೆಯ ಪದರವಿರುವುದು. ನಮ್ಮ ಕಿವಿಯ ಮೇಲಂಚನ್ನು ಮಡಿಸಿದರೆ ಬಾಗಿ ಮತ್ತೆ ನೆಟ್ಟಗಾಗುವ ಗಟ್ಟಿ ವಸ್ತುವಿದೆಯಲ್ಲವೆ, ಅದೂ ಮೃದ್ವಸ್ಥಿಯ ಒಂದು ಬಗೆಯೇ. ಈ ಪದರವು ಬೆಳೆಯುತ್ತ ಎಲುಬಾಗುತ್ತ ಹೋದಂತೆ ಮಗುವಿನ ಎತ್ತರವು ಹೆಚ್ಚುವುದು. ಹರೆಯವು ತುಂಬಿದಾಗ ಪದರವು ಪೂರ್ತಿಯಾಗಿ ಎಲುಬಾಗಿ, ಟೊಪ್ಪಿಗೆಗಳು ಕಾಂಡಕ್ಕೆ ಬೆಸೆದುಕೊಳ್ಳುವುವು. ಅಲ್ಲಿಗೆ ಬೆಳವಣಿಗೆ ನಿಂತಂತಾಯಿತು. ಯಾವ ಎಲುಬು ಯಾವ ಪ್ರಾಯದಲ್ಲಿ ಬೆಸೆಯುವುದೆಂಬುದು ವೈದ್ಯರಿಗೆ ಗೊತ್ತು. ಆದಕಾರಣವೇ ಬಾಲಕನ ಮಣಿಕಟ್ಟಿನ ಕ್ಷ-ಕಿರಣಚಿತ್ರವನ್ನು ನೋಡಿ ಅವನ ಪ್ರಾಯವನ್ನು ಅಂದಾಜು ಮಾಡುವರು. ಕುರಿ, ದನ, ನಾಯಿಗಳಲ್ಲಿಯೂ ಇದೇ ಕ್ರಮವುಂಟು.

ಹಕ್ಕಿಗಳಲ್ಲಿ ಪ್ರಕೃತಿಯು ಬೇರೊಂದು ದಾರಿಯನ್ನು ಹಿಡಿದಿದೆ. ಅವುಗಳ ಉದ್ದೆಲುಬುಗಳ ತುದಿಗೆ ಪ್ರತ್ಯೇಕವಾದ ಟೊಪ್ಪಿಗೆಗಳು ಪ್ರಾಯಶಃ ಇಲ್ಲ. ಮರಿಯ ಎಲುಬಿನ ತುದಿಯೆಲ್ಲ ಮೃದ್ವಸ್ಥಿಯೇ. ಕಾಂಡದ ಕಡೆಯಿಂದ ಎಲುಬು ಆ ಮೃದ್ವಸ್ಥಿಯೊಳಕ್ಕೆ ಮೆಲ್ಲಮೆಲ್ಲನೆ ಮುಂದುವರಿದು, ಕೀಲಿನ ಮೇಲಿನ ತೆಳುವಾದ ಹೊದಿಕೆಯೊಂದನ್ನು ಬಿಟ್ಟು ಉಳಿದುದನ್ನೆಲ್ಲ ಆಕ್ರಮಿಸುವುದು. ಇಲ್ಲಿ ಬೆಸುಗೆಯೇ ಇಲ್ಲವಾದುದರಿಂದ ಬೆಸುಗೆಯ ಗೆರೆಯೂ ಉಳಿಯದು. ಮಂಡಿಯ ಬಳಿ ಮತ್ತು ಹರಡಿನ ಬಳಿ ಮಾತ್ರ ಕೆಲವು ತುಂಡುಗಳು ಬೇರೆಯಾಗಿ ಹುಟ್ಟಿ ಆಮೇಲೆ ಕೂಡಿಕೊಳ್ಳುವುವು. ಕುರಿಯ ಎಲುಬಿನಲ್ಲಿ ಹತ್ತಾರು ಕಡೆ ಬರೆದಿರುವ ಪ್ರಾಯದ ಲೆಕ್ಕವು ಹಕ್ಕಿಯಲ್ಲಿ ಎರಡು ಮೂರು ಕಡೆ ಮಾತ್ರ ಬರೆದಂತಾಯಿತು.

ಇನ್ನೊಂದು ದೊಡ್ಡ ವ್ಯತ್ಯಾಸವು ವೇಗದಲ್ಲಿದೆ. ಮನುಷ್ಯನು ಬೆಳೆದು ಮುಗಿಯಲು ಹದಿನೆಂಟು ಇಪ್ಪತ್ತು ವರ್ಷಗಳು ಬೇಕು. ಪಾರಿವಾಳದ ಮರಿಯು ನಾಲ್ಕು ವಾರಗಳಲ್ಲಿ ಹೆಚ್ಚುಕಡಿಮೆ ತಾಯಿಯಷ್ಟೇ ಆಗುವುದು. ಗುಬ್ಬಿಯ ಮರಿಯು ಮೊಟ್ಟೆಯೊಡೆದ ಸುಮಾರು ಎರಡು ವಾರಗಳಿಗೆ ಗೂಡನ್ನು ಬಿಡುವುದು. ಇಷ್ಟು ಅವಸರವೇಕೆಂದರೆ, ಹಾರುವುದೆಂಬುದು ಅರ್ಧಂಬರ್ಧ ಮಾಡುವ ಕೆಲಸವಲ್ಲ. ಕರುವು ತತ್ತರಿಸುತ್ತಲಾದರೂ ತಾಯಿಯ ಹಿಂದೆ ನಡೆದೀತು. ರೆಕ್ಕೆಯ ಎಲುಬು ಸಾಕಷ್ಟು ಉದ್ದವಾಗಿ ಗಟ್ಟಿಯಾಗದ ಹಕ್ಕಿಯು ಹಾರಲಾರದು. ಅದು ಗೂಡಿನಲ್ಲಿರುವಷ್ಟು ದಿನವೂ ಹಾವು, ಬೆಕ್ಕು, ಕಾಗೆಗಳ ಭಯ ತಪ್ಪಿದ್ದಲ್ಲ. ಆದುದರಿಂದ ಸಣ್ಣ ಹಕ್ಕಿಗಳು ತಮ್ಮ ಬಾಲ್ಯವನ್ನು ವಾರಗಳಲ್ಲಿ ಮುಗಿಸಿಬಿಡುವುವು.

ಅವಸರದಲ್ಲಿ ಕಟ್ಟಿದ ಗೋಡೆಯಲ್ಲಿ ಅವಸರದ ಗುರುತು ಉಳಿಯುವಂತೆ, ವೇಗವಾಗಿ ಬೆಳೆಯುವ ಎಲುಬಿನಲ್ಲಿಯೂ ಗುರುತು ಉಂಟು. ರಕ್ತನಾಳಗಳು ಹೇರಳವಾಗಿ ಹರಿಯಬೇಕಾದುದರಿಂದ ಮರಿಯ ಎಲುಬಿನ ಮೇಲ್ಮೈಯಲ್ಲಿ ಸಣ್ಣ ರಂಧ್ರಗಳೂ ಗೀರುಗಳೂ ತುಂಬಿ, ಅದು ಒರಟಾಗಿ ತೋರುವುದು. ಬೆಳವಣಿಗೆ ನಿಧಾನವಾದಂತೆ ಹೊರಗಿನ ಪದರವು ಒತ್ತಾಗಿ, ನುಣುಪಾಗಿ, ಹೊಳಪನ್ನು ತಳೆಯುವುದು. ಹಳೆಯ ಕಾಲದ ಊರುಗಳನ್ನು ಅಗೆಯುವ ಪುರಾತತ್ತ್ವಜ್ಞರು ಕೋಳಿಯ ಎಲುಬು ದೊರೆತಾಗ ಮೊದಲು ನೋಡುವುದು ಇದನ್ನೇ. ಮಣ್ಣಿನಲ್ಲಿ ಮೃದ್ವಸ್ಥಿಯು ಕೊಳೆತುಹೋಗುವುದರಿಂದ ಮರಿಯ ಎಲುಬಿಗೆ ಕೀಲಿನ ಆಕಾರವೇ ಇರುವುದಿಲ್ಲ. ತುದಿಗಳು ಮೊಂಡಾಗಿ, ಕೆತ್ತನೆ ಮುಗಿಯದ ಮರದ ತುಂಡಿನಂತೆ ಕಾಣುವುವು.

ಕೋಳಿಯಲ್ಲಿ ಕಾಣುವ ಗುರುತುಗಳು

ಎಲ್ಲರಿಗೂ ಪರಿಚಿತವಾದ ಕೋಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಕಾಲಿನಲ್ಲಿ ಹುರುಪೆಯಿಂದ ಕೂಡಿದ, ಗರಿಯಿಲ್ಲದ ಭಾಗವುಂಟಷ್ಟೆ. ಅದನ್ನು ಜನರು ಕಣಕಾಲೆಂದು ತಿಳಿಯುವರು. ಅದರ ಮೇಲ್ಗಡೆ ಹಿಂದಕ್ಕೆ ಬಾಗುವ ಕೀಲನ್ನು ಮಂಡಿಯೆಂದು ಭಾವಿಸುವರು. ನಿಜವಾಗಿ ಆ ಕೀಲು ಹಕ್ಕಿಯ ಹರಡು. ಮಂಡಿಯು ಇನ್ನೂ ಮೇಲೆ, ಗರಿಗಳೊಳಗೆ ಅಡಗಿರುವುದು. ಹುರುಪೆಯ ಭಾಗವು ನಮ್ಮ ಅಂಗಾಲಿಗೆ ಸಮನಾದುದು. ಹಕ್ಕಿಯು ಬಾಳೆಲ್ಲ ತುದಿಗಾಲಿನಲ್ಲಿ ನಡೆಯುವ ಪ್ರಾಣಿ!

ಆಗತಾನೆ ಮೊಟ್ಟೆಯಿಂದ ಹೊರಬಂದ ಮರಿಯಲ್ಲಿ ಈ ಭಾಗವು ಒಂದು ಎಲುಬಲ್ಲ. ಮೂರು ಉದ್ದನೆಯ ಕಡ್ಡಿಗಳು ಪಕ್ಕಪಕ್ಕದಲ್ಲಿ ನಿಂತಿರುವುವು. ಹರಡಿನ ಸಣ್ಣ ಎಲುಬುಗಳು ಅವುಗಳ ಮೇಲೆ ಮುಚ್ಚಳದಂತೆ ಕೂತಿರುವುವು. ವಾರಗಳು ಕಳೆದಂತೆ ಮೂರು ಕಡ್ಡಿಗಳು ಒಂದಕ್ಕೊಂದು ಅಂಟಿಕೊಳ್ಳುವುವು. ಮುಚ್ಚಳವು ಕಡ್ಡಿಗಳಿಗೆ ಅಂಟಿಕೊಳ್ಳುವುದು. ನಾಲ್ಕೈದು ತಿಂಗಳಾಗುವ ಹೊತ್ತಿಗೆ ಎಲ್ಲವೂ ಸೇರಿ ಒಂದೇ ಗಟ್ಟಿಯಾದ ಎಲುಬಾಗುವುದು. ಆಮೇಲೆ ಹಿಂದಿನ ಮೂರು ತುಂಡುಗಳ ಜ್ಞಾಪಕಾರ್ಥವಾಗಿ ಕೆಳತುದಿಯಲ್ಲಿ ಮೂರು ಬೆರಳುಗಳಿಗೆ ಮೂರು ರಾಟೆಯಂಥ ಕೀಲುಗಳು ಮಾತ್ರ ಉಳಿಯುವುವು. ಇದರಂತೆಯೇ ರೆಕ್ಕೆಯ ತುದಿಯ ಅಂಗೈ ಎಲುಬುಗಳೂ ಸೊಂಟದ ಬೆನ್ನೆಲುಬಿನ ಮಣಿಗಳೂ ಬೇರೆ ಬೇರೆಯಾಗಿ ಹುಟ್ಟಿ ಒಂದಾಗುವುವು. ಹಾರುವಾಗ, ನೆಲಕ್ಕೆ ಇಳಿಯುವಾಗ ತಗಲುವ ಬಲವನ್ನು ತಾಳುವುದಕ್ಕೆ ಸಡಿಲಾದ ಹಲವು ತುಂಡುಗಳಿಗಿಂತ ಬೆಸೆದ ಒಂದು ತುಂಡೇ ಮೇಲು. ಬೆಸುಗೆಯ ಗೆರೆಯು ಇನ್ನೂ ಕಾಣುತ್ತಿದ್ದರೆ ಹಕ್ಕಿಯು ಎಳೆಯದು, ಅಳಿಸಿಹೋಗಿದ್ದರೆ ಬೆಳೆದುದು.

ಮತ್ತೊಂದು ಗುರುತು ಎದೆಯೆಲುಬಿನಲ್ಲಿದೆ. ದೋಣಿಯ ತಳದಲ್ಲಿ ನೀರನ್ನು ಸೀಳುವ ಏಣಿನಂತೆ ಹಕ್ಕಿಯ ಎದೆಯ ನಡುವೆ ಒಂದು ಏಣು ಉಂಟು. ಹಾರುವ ಸ್ನಾಯುಗಳೆಲ್ಲ ಅದಕ್ಕೆ ಕಚ್ಚಿಕೊಂಡಿರುವುವು. ಇದು ಮುಂದಿನಿಂದ ಹಿಂದಕ್ಕೆ ಗಟ್ಟಿಯಾಗುತ್ತ ಹೋಗುವುದರಿಂದ ಹಿಂದಿನ ತುದಿಯು ಎಲ್ಲಕ್ಕಿಂತ ಕೊನೆಗೆ ಎಲುಬಾಗುವುದು. ಕೋಳಿಯ ಅಡುಗೆ ಮಾಡುವ ಮನೆಗಳ ಅನುಭವಸ್ಥೆಯರು ಇದನ್ನು ಶಾಸ್ತ್ರ ಓದದೆಯೇ ಬಲ್ಲರು. ಎದೆಯೆಲುಬಿನ ತುದಿಯನ್ನು ಬೆರಳಿನಿಂದ ಒತ್ತಿದಾಗ ಬಾಗಿದರೆ ಎಳೆಯ ಕೋಳಿ, ಬೇಗ ಬೇಯುವುದು. ಬಾಗದೆ ನಿಂತರೆ ಬಲಿತದ್ದು, ಒಲೆಯ ಮೇಲೆ ಬಹಳ ಹೊತ್ತು ಇರಬೇಕು. ಅಡುಗೆಯ ಮನೆಯ ಈ ಪರೀಕ್ಷೆಯೂ ಶಾಸ್ತ್ರಜ್ಞರ ಪರೀಕ್ಷೆಯೂ ಒಂದೇ. ಮೊಟ್ಟೆಯ ಕೋಳಿಗಳಲ್ಲಿ ಈ ತುದಿಯು ಪೂರ್ತಿಯಾಗಿ ಎಲುಬಾಗಲು ಸುಮಾರು ೩೫ರಿಂದ ೪೦ ವಾರಗಳು ಬೇಕಾಗುವುವು.

ಗುಬ್ಬಿಯ ನೆತ್ತಿ

ಹಸುಮಗುವಿನ ನೆತ್ತಿಯು ಮಿಡಿಯುವುದನ್ನೂ, ಅದು ಕಾಲಕ್ರಮದಲ್ಲಿ ಕೂಡಿಕೊಳ್ಳುವುದನ್ನೂ ತಾಯಂದಿರೆಲ್ಲರು ಬಲ್ಲರು. ಸಣ್ಣ ಹಕ್ಕಿಗಳ ತಲೆಯಲ್ಲಿಯೂ ಪ್ರಾಯವನ್ನು ತೋರಿಸುವ ಗುರುತು ಇದೆ. ಆದರೆ ಅದರ ಬಗೆ ಬೇರೆ. ಗುಬ್ಬಿಯ ಮರಿಯು ಗೂಡು ಬಿಡುವಾಗ ಅದರ ತಲೆಚಿಪ್ಪು ಒಂದೇ ಪದರದ ತೆಳ್ಳನೆಯ ಎಲುಬಾಗಿರುವುದು. ಅನಂತರ ಅದರ ಅಡಿಯಲ್ಲಿ ಎರಡನೆಯ ಪದರವೊಂದು ಹುಟ್ಟುವುದು. ಎರಡು ಪದರಗಳ ನಡುವೆ ಗಾಳಿ ತುಂಬಿದ ಅವಕಾಶವೂ, ಅವನ್ನು ಕೂಡಿಸುವ ಅತಿ ಸಣ್ಣ ಕಂಬಗಳೂ ಇರುವುವು. ಒಂದು ಹಲಗೆಯ ಮಾಡಿಗೆ ಒಳಗಿನಿಂದ ಇನ್ನೊಂದು ಹಲಗೆಯನ್ನು ಜೋಡಿಸಿ, ನಡುವೆ ಮೋಟುಗಂಬಗಳನ್ನು ಕೊಟ್ಟಂತೆ ಎಂದು ಭಾವಿಸಬಹುದು. ಇದರಿಂದ ತಲೆಯು ಭಾರವಾಗದೆಯೇ ಬಲವಾಗುವುದು.

ಈ ಕೆಲಸವು ಒಮ್ಮೆಗೇ ಆಗತಕ್ಕುದಲ್ಲ. ತಲೆಯ ಹಿಂಭಾಗದಲ್ಲಿ ಪ್ರಾರಂಭವಾಗಿ ಮುಂದಕ್ಕೆ ಸಾಗುವುದು. ಅಮೆರಿಕದ ರಾಬರ್ಟ್ ನೀರೋ ಎಂಬ ವಿದ್ವಾಂಸರು ೧೯೫೧ರಲ್ಲಿ ಮನೆಗುಬ್ಬಿಯ ತಲೆಚಿಪ್ಪು ಹೇಗೆ ಹಂತಹಂತವಾಗಿ ಮುಗಿಯುವುದೆಂಬುದನ್ನು ವಿವರಿಸಿದರು. ಎರಡು ವಾರಗಳಲ್ಲಿ ಗೂಡು ಬಿಡುವ ಈ ಹಕ್ಕಿಯ ತಲೆಯು ಪೂರ್ಣವಾಗಲು ಆರು ತಿಂಗಳಿಗೂ ಮಿಕ್ಕ ಕಾಲವು ಬೇಕು. ಅಲ್ಲಿಯವರೆಗೆ ಒಂದು ಪದರದ ಭಾಗವು ಚುಕ್ಕೆಯಿಲ್ಲದ ನಸುಗೆಂಪು ಬಣ್ಣದ್ದಾಗಿಯೂ, ಎರಡು ಪದರದ ಭಾಗವು ಬೆಳ್ಳಗೆ ಸಣ್ಣ ಚುಕ್ಕೆಗಳಿಂದ ಕೂಡಿದುದಾಗಿಯೂ ಕಾಣುವುದು. ಆ ಚುಕ್ಕೆಗಳು ಮೇಲೆ ಹೇಳಿದ ಕಂಬಗಳ ತಲೆಗಳು. ಹಕ್ಕಿಯ ನೆತ್ತಿಯ ಚರ್ಮವು ಬಹಳ ತೆಳುವಾಗಿರುವುದರಿಂದ ಗರಿಗಳನ್ನು ಒದ್ದೆ ಮಾಡಿ ಬೈತಲೆ ತೆಗೆದಂತೆ ಸರಿಸಿದರೆ ಇದೆಲ್ಲವೂ ಹೊರಗಿನಿಂದಲೇ ತೋರುವುದು. ಜೀವಂತ ಹಕ್ಕಿಗಳ ಪ್ರಾಯವನ್ನು ತಲೆಚಿಪ್ಪಿನಿಂದ ತಿಳಿಯುವ ಕ್ರಮವನ್ನು ಆಲ್ಡನ್ ಮಿಲ್ಲರ್ ಎಂಬವರು ೧೯೪೬ರಲ್ಲಿಯೇ ಪ್ರಕಟಿಸಿದ್ದರು. ಹಕ್ಕಿಗಳನ್ನು ಹಿಡಿದು ಉಂಗುರ ತೊಡಿಸಿ ಬಿಡುವ ಶಾಸ್ತ್ರಜ್ಞರು ಇದನ್ನು ಅನುಸರಿಸುವರು. ಆದರೆ ಎಲ್ಲ ಜಾತಿಗಳಿಗೂ ಇದು ಒಂದೇ ತೆರನಾಗಿ ಅನ್ವಯಿಸದು. ಕೆಲವು ಜಾತಿಗಳಲ್ಲಿ ನೆತ್ತಿಯ ಕಿಟಕಿಯು ಬಾಳಿಡೀ ಮುಚ್ಚುವುದೇ ಇಲ್ಲ. ಹಾಗೂ ಜೀವಂತ ಹಕ್ಕಿಯನ್ನು ಹಿಡಿಯುವುದು ತರಬೇತಿಯೂ ಅನುಮತಿಯೂ ಉಳ್ಳವರ ಕೆಲಸವೇ ಹೊರತು ನಮ್ಮ ನಿಮ್ಮ ವಿನೋದವಲ್ಲ.

ನಮ್ಮ ಜಗಲಿಯ ಗುಬ್ಬಿಯು ಸತ್ತುದಾಗಿತ್ತು. ಒದ್ದೆಯ ಅರಳೆಯಿಂದ ಅದರ ತಲೆಯ ಗರಿಗಳನ್ನು ಸರಿಸಿ ಬೆಳಕಿಗೆ ಹಿಡಿದು ನೋಡಿದೆನು. ಹಿಂದಲೆಯು ಬೆಳ್ಳಗಿದ್ದಿತು, ಮುಂದೆ ಎರಡು ಪಕ್ಕಗಳಲ್ಲಿ ನಸುಗೆಂಪಿನ ಭಾಗಗಳು ಇನ್ನೂ ಉಳಿದಿದ್ದುವು. “ಅದೇ ವರ್ಷ ಹುಟ್ಟಿದ್ದಮ್ಮ; ಹಾರಲು ಕಲಿತಿತ್ತು, ಆದರೆ ತಲೆ ಇನ್ನೂ ಪೂರ್ತಿ ಬಲಿತಿರಲಿಲ್ಲ” ಎಂದು ಮೊಮ್ಮಗಳಿಗೆ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅದು ನನ್ನ ಹಾಗೆ” ಎಂದಳು. ಹಕ್ಕಿಯನ್ನು ದಾಸವಾಳದ ಬುಡದಲ್ಲಿ ಹೂಳಿ, ಇಬ್ಬರೂ ಸಾಬೂನು ಹಚ್ಚಿ ಕೈತೊಳೆದುಕೊಂಡೆವು. ಸತ್ತ ಹಕ್ಕಿಯನ್ನು ಮುಟ್ಟಿದವರು ಈ ಕೊನೆಯ ಕೆಲಸವನ್ನು ಮರೆಯಬಾರದು.

ಬೆಳೆದ ಮೇಲೆ ಮೌನ

ಇಷ್ಟರವರೆಗೆ ಹೇಳಿದುದೆಲ್ಲ ಹಕ್ಕಿಯ ಬಾಲ್ಯದ ಲೆಕ್ಕ. ಬೆಳವಣಿಗೆ ಮುಗಿದ ಮೇಲೆ ಎಲುಬು ವರ್ಷಗಳ ವಿಷಯದಲ್ಲಿ ಮಾತನಾಡುವುದನ್ನು ಹೆಚ್ಚಾಗಿ ನಿಲ್ಲಿಸಿಬಿಡುವುದು. ಇದಕ್ಕೆ ಒಂದು ನಿದರ್ಶನ ಕೊಡುವೆನು. ಶಾಂತಸಾಗರದ ಮಿಡ್‌ವೇ ದ್ವೀಪದಲ್ಲಿ ಚಾಂಡ್ಲರ್ ರಾಬಿನ್ಸ್ ಎಂಬ ಶಾಸ್ತ್ರಜ್ಞರು ೧೯೫೬ರಲ್ಲಿ ಆಲ್ಬಟ್ರಾಸ್ ಎಂಬ ಕಡಲಹಕ್ಕಿಯೊಂದರ ಕಾಲಿಗೆ ಉಂಗುರ ತೊಡಿಸಿದರು. ಮುಂದೆ ಅದಕ್ಕೆ ‘ವಿಸ್ಡಮ್’, ಅಂದರೆ ವಿವೇಕ, ಎಂಬ ಹೆಸರಾಯಿತು. ಉಂಗುರ ತೊಡಿಸಿದಾಗಲೇ ಅದು ಪ್ರಾಯಕ್ಕೆ ಬಂದ ಹಕ್ಕಿ. ಅದೇ ಹಕ್ಕಿಯು ೨೦೨೪ರಲ್ಲಿ ಮತ್ತೆ ಮೊಟ್ಟೆಯಿಟ್ಟಿತು! ಎಪ್ಪತ್ತು ವರ್ಷಗಳನ್ನು ದಾಟಿದ ಆ ಮುದುಕಿಯ ಪ್ರಾಯವು ನಮಗೆ ತಿಳಿದುದು ಉಂಗುರದಿಂದಲೇ ಹೊರತು ಎಲುಬಿನಿಂದಲ್ಲ. ಡೆನ್ಮಾರ್ಕಿನ ಉಪಾಧ್ಯಾಯ ಮಾರ್ಟೆನ್ಸನ್ನರು ೧೮೯೯ರಲ್ಲಿ ಹಕ್ಕಿಗಳ ಕಾಲಿಗೆ ಅಂಕೆ ಕೆತ್ತಿದ ಅಲ್ಯೂಮಿನಿಯಂ ಉಂಗುರಗಳನ್ನು ತೊಡಿಸಿ ಬಿಡುವ ಪದ್ಧತಿಯನ್ನು ಪ್ರಾರಂಭಿಸಿದುದರಿಂದ ಲೋಕಕ್ಕಾದ ಲಾಭಗಳಲ್ಲಿ ಇದೂ ಒಂದು.

ಹಾಗೆಂದು ಬೆಳೆದ ಹಕ್ಕಿಯ ಎಲುಬು ಏನನ್ನೂ ಹೇಳದೆನ್ನಲಾಗದು. ಹೇಂಟೆಯು ಮೊಟ್ಟೆಯಿಡುವ ಕಾಲ ಬಂದಾಗ ಅದರ ತೊಡೆಯ ಮತ್ತು ಕಣಕಾಲಿನ ಎಲುಬುಗಳ ಪೊಳ್ಳಿನೊಳಗೆ ಹೊಸದೊಂದು ಬಗೆಯ ಎಲುಬು ತುಂಬಿಕೊಳ್ಳುವುದು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ೨ ಗ್ರಾಂ ಸುಣ್ಣದ ಮೂಲವಸ್ತುವಾದ ಕ್ಯಾಲ್ಸಿಯಂ ಬೇಕು. ತಿಂದ ಆಹಾರದಿಂದ ಅಷ್ಟೂ ಒಮ್ಮೆಲೆ ಒದಗದು. ಆದುದರಿಂದ ಹಕ್ಕಿಯು ಕಣಜದಲ್ಲಿ ಧಾನ್ಯವನ್ನು ಕೂಡಿಟ್ಟಂತೆ ಎಲುಬಿನೊಳಗೆ ಅದನ್ನು ಕೂಡಿಟ್ಟು, ಬೇಕಾದಾಗ ತೆಗೆಯುವುದು. ಕೈಸ್ ಮತ್ತು ಪಾಟರ್ ಎಂಬ ಇಬ್ಬರು ೧೯೩೪ರಲ್ಲಿ ಹೆಣ್ಣು ಪಾರಿವಾಳಗಳಲ್ಲಿ ಇದನ್ನು ವಿವರಿಸಿದರು. ಮಣ್ಣಿನಿಂದ ತೆಗೆದ ಎಲುಬಿನಲ್ಲಿ ಈ ಕಣಜವು ಕಂಡರೆ ಆ ಹಕ್ಕಿಯು ಹೆಣ್ಣು, ಪ್ರಾಯಕ್ಕೆ ಬಂದುದು, ಮೊಟ್ಟೆಯಿಡುವ ಕಾಲದಲ್ಲಿ ಸತ್ತುದು ಎಂಬ ಮೂರು ಸಂಗತಿಗಳು ಒಮ್ಮೆಗೇ ತಿಳಿಯುವುವು.

ಹುಂಜದ ಮುಳ್ಳು

ಗಂಡಿನ ವಿಷಯದಲ್ಲಿ ನೆರವಾಗುವುದು ಹುಂಜದ ಕಾಲಿನ ಹಿಂಬದಿಯ ಮುಳ್ಳು. ನಮ್ಮ ಕರಾವಳಿಯ ಕೋಳಿ ಅಂಕವನ್ನು ನೋಡಿದವರಿಗೆ ಹುಂಜದ ಕಾಲಿನ ಬಲವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಈ ಮುಳ್ಳಿನ ಹೊರಗೆ ಕೊಂಬಿನಂಥ ಒರೆಯೂ ಒಳಗೆ ಎಲುಬಿನ ತಿರುಳೂ ಉಂಟು. ತಿರುಳು ಮೊದಲು ಚರ್ಮದ ಅಡಿಯಲ್ಲಿ ಬೇರೆಯಾಗಿಯೇ ಹುಟ್ಟಿ, ತಡವಾಗಿ ಕಾಲಿನ ಎಲುಬಿಗೆ ಬೆಸೆದುಕೊಂಡು, ವರ್ಷ ವರ್ಷವೂ ಉದ್ದವಾಗುತ್ತ ಹೋಗುವುದು. ಉಳಿದ ಎಲುಬುಗಳು ಮೌನ ತಾಳಿದ ಮೇಲೂ ಇದೊಂದು ಮಾತನಾಡುತ್ತಿರುವುದು. ಇಂಗ್ಲೆಂಡಿನ ಶಾನ್ ಡೊಹರ್ಟಿ ಎಂಬವರೂ ಅವರ ಸಂಗಡಿಗರೂ ಪ್ರಾಯವು ಖಚಿತವಾಗಿ ತಿಳಿದಿದ್ದ ಹುಂಜಗಳ ಎಲುಬುಗಳನ್ನು ಅಳೆದು ೨೦೨೧ರಲ್ಲಿ ಒಂದು ಕ್ರಮವನ್ನು ಪ್ರಕಟಿಸಿದರು. ಒಂದು ವರ್ಷ ತುಂಬದ ಹುಂಜಗಳಲ್ಲಿ ಎಲುಬಿನ ಮುಳ್ಳು ಕಂಡುದು ನೂರಕ್ಕೆ ೨೦ರಲ್ಲಿ ಮಾತ್ರ. ಆರು ವರ್ಷವಾದವುಗಳಲ್ಲಿ ಎಲ್ಲಕ್ಕೂ ಇದ್ದಿತು. ಮುಳ್ಳಿಲ್ಲದ ಎಲುಬನ್ನೆಲ್ಲ ಹೇಂಟೆಯದೆಂದು ಎಣಿಸುತ್ತಿದ್ದವರು ತಪ್ಪು ಮಾಡುತ್ತಿದ್ದರೆಂಬುದು ಇದರಿಂದ ಸ್ಪಷ್ಟವಾಯಿತು.

ಈ ಅಳತೆಗೋಲನ್ನು ಹಿಡಿದು ಅವರು ಬ್ರಿಟನ್ನಿನ ಹಳೆಯ ನೆಲೆಗಳಲ್ಲಿ ದೊರೆತ ೧೨೩ ಎಲುಬುಗಳನ್ನು ಪರೀಕ್ಷಿಸಿದರು. ಅವು ರೋಮನರು ಬರುವ ಮುಂಚಿನ ಕಬ್ಬಿಣಯುಗದಿಂದ ಹಿಡಿದು ಸ್ಯಾಕ್ಸನರ ಕಾಲದವರೆಗಿನವು. ಅರ್ಧಕ್ಕಿಂತ ಹೆಚ್ಚಿನ ಹುಂಜಗಳು ಎರಡು ವರ್ಷಗಳನ್ನು ದಾಟಿ ಬದುಕಿದ್ದುವು. ಸುಮಾರು ಕಾಲುಭಾಗದಷ್ಟು ಮೂರು ವರ್ಷಗಳನ್ನು ದಾಟಿದ್ದುವು. ಮಾಂಸಕ್ಕಾಗಿಯೇ ಸಾಕಿದ್ದರೆ ಹುಂಜವನ್ನು ಮೂರು ವರ್ಷ ಕಾಳು ಹಾಕಿ ಯಾರು ಕಾಯುವರು? ರೋಮನ್ ಸೇನಾನಿ ಜೂಲಿಯಸ್ ಸೀಸರನು ತನ್ನ ಯುದ್ಧವೃತ್ತಾಂತದಲ್ಲಿ, ಬ್ರಿಟನ್ನರು ಮೊಲ, ಕೋಳಿ, ಬಾತುಗಳಂಥ ಹಂಸಕೋಳಿ ಇವುಗಳನ್ನು ತಿನ್ನುವುದು ಸಲ್ಲದೆಂದು ಎಣಿಸಿ ಸಂತೋಷಕ್ಕಾಗಿ ಸಾಕುವರೆಂದು ಬರೆದಿದ್ದನು. ಎರಡು ಸಾವಿರ ವರ್ಷಗಳ ಮೇಲೆ ಹುಂಜದ ಮುಳ್ಳು ಅವನ ಮಾತಿಗೆ ಬೆಂಬಲವಾಗಿ ಬಂದು ನಿಂತಿತು. ಪೂಜೆಗೋ ಕಾಳಗಕ್ಕೋ, ಅಂತೂ ಆ ಕಾಲದ ಜನರು ಕೋಳಿಗಳನ್ನು ಪೂರ್ಣಪ್ರಾಯದವರೆಗೆ ಉಳಿಸಿಕೊಂಡಿದ್ದರು.

ಮೋವಾ ಹಕ್ಕಿಯ ದುರ್ದೈವ

ಹಕ್ಕಿಯ ಎಲುಬಿನಲ್ಲಿ ಮರದ ಕಾಂಡದಂತೆ ವರ್ಷದ ಬಳೆಗಳಿರಬಾರದೆ ಎಂದು ಯಾರಾದರೂ ಕೇಳಬಹುದು. ಒಂದು ವರ್ಷ ತುಂಬುವ ಮೊದಲೇ ಬೆಳೆದು ಮುಗಿಯುವ ಪ್ರಾಣಿಯಲ್ಲಿ ಬಳೆ ಎಲ್ಲಿಂದ ಬರಬೇಕು? ಆದರೆ ನ್ಯೂಜಿಲೆಂಡಿನಲ್ಲಿ ಇದಕ್ಕೆ ಅಪವಾದವೊಂದಿತ್ತು. ಅದುವೇ ರೆಕ್ಕೆಯೇ ಇಲ್ಲದ ಮೋವಾ ಹಕ್ಕಿ. ಲಂಡನ್ನಿನ ರಿಚರ್ಡ್ ಓವನ್ ಎಂಬ ಶರೀರಶಾಸ್ತ್ರಜ್ಞರು ೧೮೩೯ರಲ್ಲಿ ಗೇಣುದ್ದಕ್ಕಿಂತ ಚಿಕ್ಕದಾದ ತೊಡೆಯೆಲುಬಿನ ಚೂರೊಂದನ್ನು ನೋಡಿ, ಇದು ಭಾರಿ ಹಕ್ಕಿಯದೇ ಎಂದು ಸಾರಿದ್ದರು. ಮುಂದೆ ದೊರೆತ ಅಸ್ಥಿರಾಶಿಯು ಅವರ ಮಾತನ್ನು ಸತ್ಯಮಾಡಿತು. ೨೦೦೫ರಲ್ಲಿ ಟರ್ವಿ, ಗ್ರೀನ್, ಹೋಲ್ಡವೇ ಎಂಬ ಮೂವರು ಮೋವಾ ಎಲುಬುಗಳನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೆಲವು ಜಾತಿಗಳಲ್ಲಿ ಒಂಬತ್ತರವರೆಗೆ ಬಳೆಗಳು ಕಂಡುವು. ಅಂದರೆ ಆ ಹಕ್ಕಿಯ ಎಲುಬು ಪಕ್ವವಾಗಲು ಹತ್ತು ವರ್ಷಗಳ ತನಕ ಬೇಕಾಗುತ್ತಿತ್ತು.

ಆ ದ್ವೀಪಗಳಲ್ಲಿ ನೆಲದ ಮೇಲೆ ಓಡಾಡಿ ಬೇಟೆಯಾಡುವ ಮೃಗಗಳಿರಲಿಲ್ಲ. ಆದುದರಿಂದ ಮೋವಾ ಹಕ್ಕಿಗೆ ಗುಬ್ಬಿಯ ಅವಸರವಿರಲಿಲ್ಲ. ನಿಧಾನವಾಗಿ ಬೆಳೆಯಿತು, ನಿಧಾನವಾಗಿ ಮರಿಮಾಡಿತು. ಸುಮಾರು ೧೩ನೆಯ ಶತಮಾನದಲ್ಲಿ ಮಾವೊರಿ ಜನರ ಪೂರ್ವಿಕರು ದೋಣಿಗಳಲ್ಲಿ ಬಂದಿಳಿದು ಬೇಟೆಯಾಡತೊಡಗಿದರು. ಹತ್ತು ವರ್ಷ ಕಾದು ಬೆಳೆದ ಹಕ್ಕಿಯನ್ನು ಕೊಂದರೆ ಅದರ ಜಾಗವನ್ನು ತುಂಬಲು ಮತ್ತೆ ಹತ್ತು ವರ್ಷ ಬೇಕು. ಕೆಲವು ತಲೆಮಾರುಗಳೊಳಗೆ ಮೋವಾ ಸಂತತಿಯು ನಿಶ್ಶೇಷವಾಯಿತು. ಬೇಟೆಗಾರರು ಕ್ರೂರಿಗಳಾಗಿರಬೇಕೆಂದಿಲ್ಲ; ತಾವು ಕೊಲ್ಲುವ ಹಕ್ಕಿಯು ಎಷ್ಟು ನಿಧಾನದ ಪ್ರಾಣಿಯೆಂಬುದು ಅವರಿಗೆ ತಿಳಿದಿರಲಾರದು. ಆ ತಿಳಿವಳಿಕೆಯನ್ನು ಎಲುಬು ಕೊಟ್ಟುದು ಆರುನೂರು ವರ್ಷ ತಡವಾಗಿ.

ನಮ್ಮ ಕಾಲದ ಎಲುಬು

ಕೊನೆಯದಾಗಿ ನಮ್ಮ ಕಾಲದ ಕೋಳಿಯ ವಿಷಯ. ೨೦೧೮ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಭೂಮಿಯ ಮೇಲೆ ಒಂದೇ ಕಾಲದಲ್ಲಿ ಬದುಕಿರುವ ಸಾಕುಕೋಳಿಗಳು ಸುಮಾರು ೨,೨೭೦ ಕೋಟಿ. ಅವುಗಳಲ್ಲಿ ಮಾಂಸಕ್ಕಾಗಿ ಸಾಕುವ ಬ್ರಾಯ್ಲರ್ ಕೋಳಿಗಳು ಐದರಿಂದ ಏಳು ವಾರಗಳ ಪ್ರಾಯದಲ್ಲಿ ಕತ್ತಿಗೆ ಬೀಳುವುವು. ಗಾತ್ರವನ್ನು ನೋಡಿದರೆ ಅವು ತಮ್ಮ ಪೂರ್ವಜನಾದ ಕೆಂಪು ಕಾಡುಕೋಳಿಯನ್ನು ಮೀರಿಸಿರುವುವು. ಎಲುಬನ್ನು 봐 ನೋಡಿದರೆ ಇನ್ನೂ ಮರಿಗಳು. ಕಾಲಿನ ಬೆಸುಗೆ ಕೂಡಿರದು, ಎದೆಯ ತುದಿ ಗಟ್ಟಿಯಾಗಿರದು, ಮೇಲ್ಮೈಯೆಲ್ಲ ರಂಧ್ರಮಯ. ಮೊಟ್ಟೆಯ ಕೋಳಿಯ ಕಷ್ಟವು ಇನ್ನೊಂದು ತೆರನಾದುದು. ಅದು ಸುಮಾರು ೨೦ ವಾರಗಳಿಗೆ ಮೊಟ್ಟೆಯಿಡತೊಡಗುವುದು. ಎದೆಯೆಲುಬು ಪೂರ್ಣವಾಗುವುದಾದರೋ ಅದಕ್ಕಿಂತ ಎಷ್ಟೋ ವಾರಗಳ ಮೇಲೆ. ತನ್ನ ಮೈಯ ಕಟ್ಟಡ ಮುಗಿಯುವ ಮುನ್ನವೇ ಚಿಪ್ಪುಗಳಿಗಾಗಿ ಸುಣ್ಣವನ್ನು ತೆರಬೇಕಾದ ಆ ಹಕ್ಕಿಗಳಲ್ಲಿ ಎದೆಯೆಲುಬಿನ ಮುರಿತವು ಬಹಳವಾಗಿ ಕಂಡುಬರುತ್ತಿದೆ.

ಸಾವಿರ ವರ್ಷಗಳ ಮೇಲೆ ಯಾರಾದರೂ ನಮ್ಮ ಊರುಗಳ ಕಸದ ಗುಂಡಿಗಳನ್ನು ಅಗೆದರೆ ಅವರಿಗೆ ಕೋಳಿಯ ಎಲುಬುಗಳು ರಾಶಿರಾಶಿಯಾಗಿ ದೊರೆತಾವು. ಬ್ರಿಟನ್ನಿನ ಹುಂಜದ ಮುಳ್ಳಿನಿಂದ ಆ ಜನರ ಮನಸ್ಸನ್ನು ನಾವು ಓದಿದಂತೆ, ಅವರು ನಮ್ಮದನ್ನು ಓದುವರು. ದೊಡ್ಡ ಗಾತ್ರದ ಎಲುಬು, ಆದರೆ ಎಲ್ಲವೂ ಎಳೆಯವು. ಮುಳ್ಳು ಮೂಡಿದ ಹುಂಜ ಒಂದೂ ಸಿಕ್ಕದೆ ಹೋದೀತು. ತಿನ್ನುವವರು ತಿನ್ನಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಮನೆಗೆ ಕೋಳಿಯನ್ನೋ ಮೊಟ್ಟೆಯನ್ನೋ ತರುವ ಗೃಹಸ್ಥರು ಬೆಲೆಯನ್ನು ಕೇಳುವಾಗ, ಆ ಹಕ್ಕಿಯು ಎಷ್ಟು ದಿನ ಬದುಕಿತ್ತು, ಹೇಗೆ ಬದುಕಿತ್ತು ಎಂಬುದನ್ನೂ ಒಮ್ಮೆ ಕೇಳಬಹುದು. ಎತ್ತಿನ ಹಲ್ಲನ್ನು ಎಣಿಸದೆ ಹಣ ಕೊಡದ ನಾವು ಅಷ್ಟು ವಿಚಾರಿಸುವುದರಲ್ಲಿ ತಪ್ಪೇನು?